ನೋಟ್‌ಬುಕ್ಕಿನ ಕೊನೆಯ ಪುಟ

ಕಾಲೇಜಿನ ನೆನಪು ಅಂದಾಗ ಮೊದಲು ಕಣ್ಣಿಗೆ ಕಟ್ಟುವುದು ನನ್ನ ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಪುಟ. ನಡುವೆ ಒಂದು ಗೆರೆ. ಎಡಕ್ಕೆ ನನ್ನ ಅಂಕ, ಬಲಕ್ಕೆ ನನ್ನ ಗೆಳತಿಯ ಅಂಕ. ಪ್ರತಿ ಟೆಸ್ಟ್ ಆದ ಮೇಲೂ ಬರೆಯುತ್ತಿದ್ದೆ. ಅವಳಿಗೆ ಜಾಸ್ತಿ ಬಂದಾಗ ಪೆನ್ಸಿಲ್ ಎಷ್ಟು ಒತ್ತುತ್ತಿದ್ದೆ ಅಂದರೆ, ಹಿಂದಿನ ಹಾಳೆಯ ಮೇಲೂ ಅಚ್ಚು ಬಿದ್ದಿರುತ್ತಿತ್ತು.

ನಾವಿಬ್ಬರೂ ಒಂದೇ ಬೆಂಚು. ಅವಳ ನೋಟ್ಸ್ ನನ್ನ ಬ್ಯಾಗಿನಲ್ಲಿ, ನನ್ನದು ಅವಳ ಬ್ಯಾಗಿನಲ್ಲಿ. ಕ್ಲಾಸಿನಲ್ಲಿ ನಮಗಿಂತ ಚೆನ್ನಾಗಿ ಓದುವವರು ನಾಲ್ಕೈದು ಮಂದಿ ಇದ್ದರು. ಅವರ ಮೇಲೆ ಒಂದು ದಿನವೂ ನನಗೆ ಹೊಟ್ಟೆಕಿಚ್ಚು ಬರಲಿಲ್ಲ. ಬಂದದ್ದು ಇವಳೊಬ್ಬಳ ಮೇಲೆ. ಯಾಕೆ ಅಂತ ಗೊತ್ತಾಗಿದ್ದು ಮುಂದೆ ಮನಶ್ಶಾಸ್ತ್ರ ಓದುವಾಗ. ನಮ್ಮನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಿದ್ದಾಗ ನಮ್ಮಂಥವರನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. 1980ರ ದಶಕದಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸರ್ ಹೇಳಿದ್ದನ್ನು ಓದಿದಾಗಂತೂ ನನ್ನ ಕಥೆಯನ್ನೇ ಓದಿದ ಹಾಗಾಯಿತು. ನಮಗೆ ಮುಖ್ಯ ಅನ್ನಿಸಿದ ವಿಷಯದಲ್ಲೇ ಹತ್ತಿರದವರು ಮುಂದೆ ಹೋದರೆ ಚುಚ್ಚುವುದು ಜಾಸ್ತಿ. ಆಗ ನಾವು ಆ ವಿಷಯವನ್ನೇ ಕೈಬಿಡಬಹುದು, ಇಲ್ಲವೇ ಆ ಮನುಷ್ಯರಿಂದ ದೂರವಾಗಬಹುದು. ನಾನು ಅವಳಿಂದ ದೂರವಾದೆ.

ಜಗಳ ಏನೂ ಆಗಲಿಲ್ಲ. ಅವಳು ಕರೆದರೆ 'ತಲೆನೋವು' ಅನ್ನುತ್ತಿದ್ದೆ. ಡೌಟ್ ಕೇಳಿದರೆ ಗೊತ್ತಿದ್ದರೂ 'ನನಗೂ ಬರಲ್ಲ' ಅನ್ನುತ್ತಿದ್ದೆ. ಆಮೇಲೆ ರಾತ್ರಿಯೆಲ್ಲ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಮೊದಲು 'ನೀನು ದಡ್ಡಿ' ಅಂತ, ಆಮೇಲೆ 'ನೀನು ಕೆಟ್ಟವಳು, ನಿನಗೆ ಗೆಳತಿ ಯಾಕೆ ಬೇಕು' ಅಂತ. ಹೊಟ್ಟೆಕಿಚ್ಚಿಗಿಂತ ಇದು ಹೆಚ್ಚು ಸುಟ್ಟಿತು. ನಿದ್ದೆ ಕೆಟ್ಟಿತು, ಪುಸ್ತಕ ತೆರೆದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಅಂಕ ಇನ್ನೂ ಇಳಿಯಿತು. ಬೈಯಲು ಇನ್ನೊಂದು ಕಾರಣ ಸಿಕ್ಕಿತು.

ಒಂದು ದಿನ ನಾನಿಲ್ಲದಾಗ ಅವಳು ಆ ನೋಟ್‌ಬುಕ್ ತೆಗೆದಿದ್ದಳು. ನಾನು ಬಂದಾಗ ಕೊನೆಯ ಪುಟ ತೆರೆದೇ ಇತ್ತು. ಬಲಗಡೆಯ ಕೊನೆಯ ಅಂಕದ ಮೇಲೆ ಬೆರಳಿಟ್ಟು, "ಇದು ತಪ್ಪು. ನನಗೆ ಬಂದಿದ್ದು 46" ಅಂದಳು. ನಾನು 41 ಅಂತ ಬರೆದಿದ್ದೆ. ಯಾಕೆಂದರೆ ಅವಳೇ ಹಾಗೆ ಹೇಳಿದ್ದಳು. "ನಿನ್ನ ಮುಖ ಸಣ್ಣಗಾಗುತ್ತೆ ಅಂತ ಕಮ್ಮಿ ಹೇಳಿದೆ ಕಣೇ" ಅಂದಳು.

ಇಷ್ಟು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಮನಸ್ಸಿನಲ್ಲೇ ನರಳುತ್ತಿದ್ದೇನೆ, ಅವಳಿಗೇನೂ ತಿಳಿಯದು ಅಂದುಕೊಂಡಿದ್ದೆ. ಅವಳು ಮಾತ್ರ ನನ್ನೆದುರು ತನ್ನ ಖುಷಿಯನ್ನು ಮುಚ್ಚಿಡುವುದನ್ನು ಕಲಿತಿದ್ದಳು. ಚೆನ್ನಾಗಿ ಬರೆದು ಬಂದ ದಿನವೂ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದಳು. ಹದಿನೇಳು ವರ್ಷದ ಹುಡುಗಿಗೆ ಅದೆಷ್ಟು ಕಷ್ಟ, ಅಲ್ವಾ?

ಆ ವಾರ ನಮ್ಮ ಮೇಡಂ ಒಬ್ಬರ ಹತ್ತಿರ ಹೋಗಿ ಎಲ್ಲ ಹೇಳಿ ಅತ್ತೆ. ಅವರು ಬುದ್ಧಿ ಹೇಳಲಿಲ್ಲ. ನನ್ನನ್ನು ನಾನು ಬೈದುಕೊಳ್ಳುವ ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆಸಿದರು. "ಇದನ್ನು ಅವಳಿಗೆ ಓದಿ ಹೇಳು ಅಂದರೆ ಹೇಳ್ತೀಯಾ?" ಎಂದು ಕೇಳಿದರು. ಬಾಯಿ ಬರಲಿಲ್ಲ. ಕಾಲೇಜಿನ ಆಪ್ತ ಸಮಾಲೋಚಕರ ಹತ್ತಿರ ಅವರೇ ಕರೆದುಕೊಂಡು ಹೋದರು. ನಿದ್ದೆ ಸರಿಹೋಗಲು ತಿಂಗಳುಗಳೇ ಹಿಡಿದವು. ಈಗ ಆ ಬೆಂಚುಗಳಲ್ಲಿ ಕೂತಿರುವ ನಿಮ್ಮಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ದಯವಿಟ್ಟು ನನ್ನಷ್ಟು ತಡ ಮಾಡಬೇಡಿ. ನಂಬಿಕೆಯಿರುವ ಒಬ್ಬರಿಗೆ ಇವತ್ತೇ ಹೇಳಿ.

ಮೊನ್ನೆ ಅವಳ ಫೋನ್ ಬಂತು. ನಾನೂ ಅರ್ಜಿ ಹಾಕಿದ್ದ ಕೆಲಸ ಅವಳಿಗೆ ಸಿಕ್ಕಿತ್ತು. "ಏನಿಲ್ಲ, ಸುಮ್ನೆ ಮಾಡಿದೆ" ಅಂದಳು. ಅದೇ ಹಳೆಯ ಸಪ್ಪೆ ದನಿ. ನನ್ನ ಎದೆಯಲ್ಲೂ ಹಳೆಯ ಚುಚ್ಚು ಎದ್ದಿತು, ಸುಳ್ಳು ಹೇಳಲಾರೆ. "ಗೊತ್ತಾಯ್ತು ಕಣೇ. ಇಂಟರ್‌ವ್ಯೂನಲ್ಲಿ ಏನು ಕೇಳಿದರು? ಮೊದಲಿಂದ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮುಕ್ಕಾಲು ಗಂಟೆ ಒಂದೇ ಸಮನೆ ಹೇಳಿದಳು.