ಅಡಿಕೆ ಸುಲಿಯುವ ರಾತ್ರಿ ಕೇಳಿದ ರಾಕ್

ತೊಂಬತ್ತರ ದಶಕದ ರಾಕ್ ಆಲ್ಬಮ್‌ಗಳಲ್ಲಿ ನನ್ನ ಮೆಚ್ಚಿನ ಐದು ಯಾವುವು ಅಂತ ಕೇಳಿದ್ದರೆ, ಹೋದ ಡಿಸೆಂಬರ್‌ವರೆಗೂ ನಿದ್ದೆಗಣ್ಣಲ್ಲೇ ಹೇಳುತ್ತಿದ್ದೆ. ನಿರ್ವಾಣದ ‘ನೆವರ್‌ಮೈಂಡ್’ ಮೊದಲು. ಆಮೇಲೆ ರೇಡಿಯೋಹೆಡ್‌ನ ‘ಓಕೆ ಕಂಪ್ಯೂಟರ್’, ಪರ್ಲ್ ಜ್ಯಾಮ್‌ನ ‘ಟೆನ್’, ಮೆಟಾಲಿಕಾದ ಕಪ್ಪು ರಟ್ಟಿನ ಆಲ್ಬಮ್. ಹಿರಿಯರಿಗೂ ಒಂದು ಮಣೆ ಇರಲಿ ಅಂತ ಕೊನೆಗೆ ಪಿಂಕ್ ಫ್ಲಾಯ್ಡ್‌ನ ‘ದಿ ಡಿವಿಷನ್ ಬೆಲ್’.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಆಗ ಅಡಿಕೆ ಕೊಯ್ಲು. ರಾತ್ರಿ ಚಪ್ಪರದಡಿ ಹತ್ತು ಜನ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತಾರೆ. ದಿನಾ ತಾಳಮದ್ದಳೆ ಕೇಳಿ ಬೇಜಾರಾಗಿತ್ತೋ ಏನೋ, ಭಾವ "ಇವತ್ತು ನಿಂದೇ ಹಾಕಾ" ಅಂದ. ಸ್ಪೀಕರ್ ತಂದಿಟ್ಟೆ.

ಸುಲಿಯುವ ಕೈಗೆ ಒಂದು ಲಯ ಇರುತ್ತದೆ. ಕಾಯಿ ಕತ್ತಿಗೆ ಒತ್ತು, ತಿರುಗಿಸು, ಸಿಪ್ಪೆ ಆಚೆ, ಅಡಿಕೆ ಬುಟ್ಟಿಗೆ. ‘ನೆವರ್‌ಮೈಂಡ್’ ಈ ಲಯಕ್ಕೇ ಕಲ್ಲು ಹಾಕಿತು. ಅದರಲ್ಲಿ ಚರಣ ಮೆಲ್ಲಗೆ ಹೋಗಿ ಪಲ್ಲವಿ ಬಂದ ಕೂಡಲೇ ಸಿಡಿಲು ಹೊಡೆಯುತ್ತದೆ. 1991ರಲ್ಲಿ ಜಗತ್ತು ಮರುಳಾಗಿದ್ದೇ ಅದಕ್ಕೆ. ಇಲ್ಲಿ ಪ್ರತಿ ಸಿಡಿಲಿಗೂ ಯಾರಾದರೊಬ್ಬರು ಬೆಚ್ಚುತ್ತಿದ್ದರು. "ಇಂವ ಸಮಾ ಮಾತಾಡ್ತಾ ಇದ್ದವ ಒಮ್ಮೆಗೇ ಯಾಕೆ ಬೈತಾನೆ ಮಾರಾಯ್ರೆ?" ಅಂದರು ಒಬ್ಬರು. ನನ್ನ ಹೆಬ್ಬೆರಳಿಗೂ ಸಣ್ಣ ಗಾಯವಾಯಿತು. ಚೊಗರು ತಾಗಿ ಉರಿ ಬೇರೆ.

‘ಓಕೆ ಕಂಪ್ಯೂಟರ್’ ನಡುವೆ ಕಂಪ್ಯೂಟರ್ ದನಿಯೊಂದು ಹೀಗಿರು, ಹಾಗಿರು ಅಂತ ಒಂದೇ ಸಮ ಪಟ್ಟಿ ಓದುತ್ತದೆ. "ರೀಚಾರ್ಜ್ ಮಾಡು ಅಂತ ಬರೋ ಫೋನಾ?" ಅಂತ ಒಬ್ಬ ಕೇಳಿದ. 1997ರ ಆ ಹಾಡಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಮೆಟಾಲಿಕಾ ಗೆದ್ದಿತು. ಅದೂ 1991ರದ್ದೇ. ಯಕ್ಷಗಾನದ ಹುಚ್ಚಿನ ಒಬ್ಬರು "ಏರು ಪದ್ಯ ಇದ್ದಂಗೆ ಇದೆ" ಅಂತ ತಲೆ ಕುಣಿಸಿದರು. ಸುಲಿಯುವ ವೇಗವೂ ಜಾಸ್ತಿಯಾದಂತಿತ್ತು. ಸುಲಿದ ಅಡಿಕೆಯ ಡಬ್ಬಿ ಲೆಕ್ಕ ಬರೆಯುವ ಭಾವ ಮಾತ್ರ ಒಪ್ಪಲಿಲ್ಲ.

ಹತ್ತೂವರೆ ಹೊತ್ತಿಗೆ 1994ರ ‘ಡಿವಿಷನ್ ಬೆಲ್’. ಅದರ ಕೊನೆಯ ಹಾಡು ‘ಹೈ ಹೋಪ್ಸ್’ ಶುರುವಾಗುವುದು ಗಂಟೆ ಸದ್ದಿನಿಂದ, ಜೊತೆಗೆ ದುಂಬಿಯ ಗುಂಯ್. ಜಗುಲಿಯಲ್ಲಿ ಮಲಗಿದ್ದ ಅಮ್ಮಮ್ಮ ಎದ್ದು ಕೂತಳು. "ತಮಾ, ತೋಟಕ್ಕೆ ದನ ಬಂತು ಕಾಣ್ತು, ನೋಡು!" ಇಬ್ಬರು ಬ್ಯಾಟರಿ ಹಿಡಿದು ಹೊರಟೇಬಿಟ್ಟಿದ್ದರು. ನಕ್ಕು ಮುಗಿದ ಮೇಲೆ ಹಾಡನ್ನು ಮತ್ತೆ ಮೊದಲಿಂದ ಹಾಕಿದೆ. ಎಂಟೂವರೆ ನಿಮಿಷದ ಹಾಡು. ಕೊನೆಗೆ ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟ್ ಗಿಲ್ಮೋರ್ ಗಿಟಾರು ಎಳೆಯುತ್ತಾ ಹೋಗುವಾಗ ಯಾರೂ ಮಾತಾಡಲಿಲ್ಲ. ಕತ್ತಿಗೆ ಕಾಯಿ ತಾಗುವ ಟಕ್ ಟಕ್ ಅಷ್ಟೇ. ಅಮ್ಮಮ್ಮ ಮಲಗಿರಲಿಲ್ಲ.

ಭಾವನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಹೊಸ ಪಟ್ಟಿ ಬರೆದೆ. ಡಿವಿಷನ್ ಬೆಲ್, ಮೆಟಾಲಿಕಾ, ಓಕೆ ಕಂಪ್ಯೂಟರ್, ನೆವರ್‌ಮೈಂಡ್. ‘ಟೆನ್’ ಹಾಕುವಷ್ಟರಲ್ಲಿ ಸ್ಪೀಕರ್ ಚಾರ್ಜ್ ಮುಗಿಯಿತು. ಪಾಪ, ಅದು ಸುಮ್ನೆ ಐದನೆಯದಾಗಿ ಕೂತಿದೆ.