ಸೈಕ್ಲೋನ್ ಟೇಲರ್ ಹಡಗು ಹತ್ತಿದ ದಿನ

1914ರ ಮೇ 23. ಹಾಂಗ್‌ಕಾಂಗ್‌ನಿಂದ ಹೊರಟ ಕೊಮಗಾಟ ಮಾರು ಹಡಗು ಕೆನಡಾದ ವ್ಯಾಂಕೂವರ್ ಬಂದರಿಗೆ ಬಂತು. ಒಳಗೆ 376 ಪ್ರಯಾಣಿಕರು, ಹೆಚ್ಚಿನವರು ಪಂಜಾಬಿನ ಸಿಖ್ಖರು. ವಲಸೆ ಇಲಾಖೆಯಿಂದ ಮೊದಲು ಹಡಗು ಹತ್ತಿದ ಅಧಿಕಾರಿ ಫ್ರೆಡ್ ಟೇಲರ್. ಊರಿನ ಜನಕ್ಕೆ ಅವನು ಸೈಕ್ಲೋನ್ ಟೇಲರ್, ಐಸ್ ಹಾಕಿಯ ದೊಡ್ಡ ಹೆಸರು.

ಇಂಥವನಿಗೆ ಇಲಾಖೆಯ ನೌಕರಿ ಯಾಕೆ? ಆಟದ ದುಡ್ಡನ್ನು ನಂಬುವಂತಿರಲಿಲ್ಲ, ಅದಕ್ಕೆ. 1906-07ರಲ್ಲಿ ಅವನು ಅಮೆರಿಕದ ಮಿಷಿಗನ್‌ನ ಹೌಟನ್‌ನಲ್ಲಿ ಆಡಿದ ವೃತ್ತಿಪರ ಲೀಗ್ ಆ ಸೀಸನ್ ಮುಗಿಯುತ್ತಲೇ ಬಾಗಿಲು ಹಾಕಿತು. ಒಟ್ಟಾವಾ ತಂಡ ಅವನನ್ನು ಸೆಳೆದದ್ದು ವಲಸೆ ಇಲಾಖೆಯ ಕೆಲಸ ಕೊಡಿಸಿ. ರೆನ್‌ಫ್ರೂ ಎಂಬ ಸಣ್ಣ ಊರಿನ ತಂಡ 1910ರಲ್ಲಿ ಹನ್ನೆರಡು ಪಂದ್ಯಕ್ಕೆ 5,250 ಡಾಲರ್ ಕೊಟ್ಟಿತಂತೆ. 1911ರಲ್ಲಿ ಆ ತಂಡವೂ ಮುಚ್ಚಿತು.

ಅಷ್ಟು ದುಡ್ಡು ಕೊಡುತ್ತಿದ್ದುದು ಅವನ ಓಟಕ್ಕೆ. ಆಗ ತಂಡಕ್ಕೆ ಏಳು ಜನ, ಚೆಂಡಿನ ಬದಲು ಒಂದಿಂಚು ದಪ್ಪದ ರಬ್ಬರ್ ಪಕ್. ಅದನ್ನು ಮುಂದಿದ್ದವನಿಗೆ ಪಾಸ್ ಕೊಡುವಂತಿಲ್ಲ; ಪಕ್ಕಕ್ಕೆ, ಇಲ್ಲವೇ ಹಿಂದಕ್ಕೆ. ಹಾಗಾಗಿ ಕಬಡ್ಡಿಯ ರೈಡರ್ ಥರ ಒಬ್ಬನೇ ನುಗ್ಗಬೇಕು. ಕವರ್ ಪಾಯಿಂಟ್ ಎಂದರೆ ರಕ್ಷಣೆಯ ಜಾಗ. ಟೇಲರ್ ಅಲ್ಲಿಂದಲೇ ಪಕ್ ಹಿಡಿದು ಎದುರಿನ ಗೋಲಿನವರೆಗೆ ಹೋಗುತ್ತಿದ್ದ. ಅರ್ಧ ಗಂಟೆಯ ಎರಡು ಅವಧಿ, ಹೆಚ್ಚುಕಡಿಮೆ ಅವೇ ಏಳು ಜನ ಕೊನೆತನಕ. ಉಳಿದವರ ಕಾಲು ಸೋತ ಮೇಲೆ ಇವನ ವೇಗಕ್ಕೆ ಬೆಲೆ.

ಆದರೆ ವೇಗಕ್ಕೆ ಗಟ್ಟಿ ಐಸ್ ಬೇಕು. ಹಲವು ರಿಂಕ್‌ಗಳಲ್ಲಿ, ಅಂದರೆ ಐಸ್ ಆಟದ ಅಂಗಳಗಳಲ್ಲಿ, ನೆಲಕ್ಕೆ ನೀರು ಬಿಟ್ಟು ಹೊರಗಿನ ಚಳಿಯನ್ನೇ ನೆಚ್ಚಿಕೊಳ್ಳುತ್ತಿದ್ದರು. ಚಳಿ ಸಡಿಲಿದರೆ ಮೇಲ್ಪದರ ಕರಗಿ ನೀರಾಗುತ್ತದೆ, ಸ್ಕೇಟ್ ಬೂಟಿನ ಬ್ಲೇಡ್ ಹೂತುಕೊಳ್ಳುತ್ತದೆ, ಪಕ್ ಜಾರದೆ ಅಲ್ಲೇ ನಿಲ್ಲುತ್ತದೆ. ಆಗ ಸೈಕ್ಲೋನೂ ಒಂದೇ, ಕುಂಟುವವನೂ ಒಂದೇ. ವ್ಯಾಂಕೂವರ್‌ನ ಡೆನ್‌ಮನ್ ಅರೀನಾದಲ್ಲಿ ಆ ತಾಪತ್ರಯ ಇರಲಿಲ್ಲ. 1911ರಲ್ಲೇ ಅಲ್ಲಿ ಕೃತಕ ಐಸ್.

ಹಡಗಿನಲ್ಲಿ ಬಂದವರಿಗೆ ಅಡ್ಡ ನಿಂತದ್ದು ಬೇರೆಯೇ ನಿಯಮ. ಸ್ವದೇಶದಿಂದ ನೇರ ಪ್ರಯಾಣದಲ್ಲಿ ಬರಬೇಕು, ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ತಡೆಯಲೆಂದೇ ಹೆಣೆದ ನಿಯಮ, ಇನ್ನೇನು. ಇಳಿಯಲು ಬಿಟ್ಟದ್ದು 24 ಮಂದಿಯನ್ನು. ಜುಲೈ 23ರಂದು ಉಳಿದವರ ಸಮೇತ ಹಡಗು ವಾಪಸ್.

ಮುಂದಿನ ಮಾರ್ಚ್‌ನಲ್ಲಿ ಅದೇ ಊರಲ್ಲಿ ಟೇಲರ್‌ ಆಡುತ್ತಿದ್ದ ವ್ಯಾಂಕೂವರ್ ತಂಡ ಒಟ್ಟಾವಾವನ್ನು 6-2, 8-3, 12-3ರಿಂದ ಸೋಲಿಸಿ ಐಸ್ ಹಾಕಿಯ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಟೇಲರ್ ಇಲಾಖೆಯ ಕೆಲಸ ಬಿಡಲಿಲ್ಲ. 1946ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಗೌರವ ಸಂದಿತು: ಹಾಕಿಗಲ್ಲ, ವಲಸೆ ಅಧಿಕಾರಿಯಾಗಿ ಮಾಡಿದ ಸೇವೆಗೆ.