ಇಲ್ಲದ ಸೈನಿಕ, ಬುರುಡೆ ಸೈನಿಕ: ಒಂದೇ ತಟ್ಟೆಯಲ್ಲಿ ಎರಡು ‘ಸ್ವೀಟ್’

ರಷ್ಯಾದ ಸಂಗೀತಕಾರ ಪ್ರೊಕೊಫಿಯೆವ್‌ನ ‘ಲೆಫ್ಟಿನೆಂಟ್ ಕಿಜೆ’ 1934ರ ಸಿನಿಮಾದ ಸಂಗೀತದಿಂದ ಬಂದದ್ದು. ಹಂಗೇರಿಯ ಸಂಗೀತಕಾರ ಕೊಡಾಯ್‌ನ ‘ಹಾರಿ ಯಾನೋಶ್’ 1926ರ ಹಾಡುನಾಟಕದಿಂದ. ಮೊದಲನೆಯದು ಐದು ತುಣುಕುಗಳ ಸ್ವೀಟ್, ಎರಡನೆಯದು ಆರರದ್ದು. (ತಿನ್ನುವ ಸ್ವೀಟ್ ಅಲ್ಲ, ಉಚ್ಚಾರ ಮಾತ್ರ ಅದೇ: ಇದು ಸಾಲಾಗಿ ನುಡಿಸುವ ಆರ್ಕೆಸ್ಟ್ರಾ ತುಣುಕುಗಳ ಮಾಲೆ.) ಎರಡನ್ನೂ ಒಂದೇ ಧ್ವನಿಮುದ್ರಿಕೆಯಲ್ಲಿ ಜೋಡಿಸುವ ವಾಡಿಕೆಗೆ ಕಾರಣ ಬರೀ ವಾದ್ಯಗಳ ಬಣ್ಣವಲ್ಲ. ಕಿಜೆ ಗುಮಾಸ್ತನ ಕೈತಪ್ಪಿನಿಂದ ಕಾಗದದ ಮೇಲೆ ಹುಟ್ಟಿದ ಅಧಿಕಾರಿ. ತ್ಸಾರ್‌ಗೆ ನಿಜ ಹೇಳುವ ಧೈರ್ಯ ಯಾರಿಗೂ ಇಲ್ಲದೆ ಅವನಿಗೆ ಮದುವೆಯೂ ಆಗುತ್ತದೆ, ಶವಸಂಸ್ಕಾರವೂ. ಹಾರಿಯೋ, ನೆಪೋಲಿಯನ್ನನ್ನು ಒಬ್ಬನೇ ಸೋಲಿಸಿದೆ ಎಂದು ಹೆಂಡದಂಗಡಿಯಲ್ಲಿ ಬುರುಡೆ ಬಿಡುವ ಮಾಜಿ ಸೈನಿಕ.

ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಆರ್ಕೆಸ್ಟ್ರಾ ನಿರ್ದೇಶಕ ಜಾರ್ಜ್ ಸೆಲ್ 1969ರಲ್ಲಿ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದೊಂದಿಗೆ ಮಾಡಿದ ಧ್ವನಿಮುದ್ರಣವೇ ಈ ಜೋಡಿಗೆ ಇವತ್ತಿಗೂ ಅಳತೆಗೋಲು. ಜೋಕ್ ಹೇಳುವವನು ತಾನೇ ನಗಬಾರದು, ಸೆಲ್ ನಗುವುದಿಲ್ಲ. ಹಾರಿಯ ‘ವಿಯೆನ್ನಾ ಗಡಿಯಾರ’ದಲ್ಲಿ ತಂತಿವಾದ್ಯಗಳೇ ಇಲ್ಲ, ಲಯ ಕೂದಲೆಳೆಯಷ್ಟು ಸಡಿಲವಾದರೂ ಗಡಿಯಾರ ಹೋಗಿ ಮದುವೆ ಬ್ಯಾಂಡ್ ಆಗುತ್ತದೆ. ಇಲ್ಲಿ ಆಗಿಲ್ಲ.

ಹಾರಿ ಶುರುವಾಗುವುದು ಇಡೀ ಆರ್ಕೆಸ್ಟ್ರಾದ ಸೀನಿನಿಂದ. ಕೇಳುಗ ಸೀನಿದರೆ ಹೇಳಿದ ಮಾತು ನಿಜ ಎಂಬುದು ಹಂಗೇರಿಯ ನಂಬಿಕೆ. ನಮ್ಮಲ್ಲಿ ಒಂಟಿ ಸೀನಿಗೆ ಹೊರಟವರೂ ಕುಳಿತುಬಿಡುತ್ತಾರೆ!

ಹಾರಿಯ ಮೂರನೇ ಮತ್ತು ಐದನೇ ತುಣುಕಿನಲ್ಲಿ ಸಿಂಬಲೋಮ್ ಕೇಳಿ: ಸಂತೂರ್‌ನ ದೊಡ್ಡ ಬಂಧು, ಕೋಲಿನಿಂದ ಬಡಿದು ನುಡಿಸುವಂಥದ್ದು, ನಾದ ತಡೆಯಲು ಕಾಲಿನ ಪೆಡಲ್ ಉಂಟು. ಅದರ ಮುಂದೆಯೇ ಮೈಕ್ ಇಟ್ಟ ಮುದ್ರಣಗಳಲ್ಲಿ ಅದು ಪಿಯಾನೋ ಗಾತ್ರಕ್ಕೆ ಉಬ್ಬುತ್ತದೆ. ದೂರವಿಟ್ಟರೆ ತಂತಿವಾದ್ಯಗಳಲ್ಲಿ ಮುಳುಗುತ್ತದೆ. ಬಡಿತದ ಮೊನೆಯೂ ಕೇಳಬೇಕು, ಸುತ್ತ ಪಿಟೀಲುಗಳೂ ಉಳಿಯಬೇಕು.

ಕಿಜೆಯ ಆರಂಭದಲ್ಲಿ ಎಡವುವವರು ಬಹಳ. ವೇದಿಕೆಯಾಚೆಯಿಂದ ಬರುವ ಕಾರ್ನೆಟ್ (ತುತ್ತೂರಿಯಂಥ ಹಿತ್ತಾಳೆ ವಾದ್ಯ) ಸಣ್ಣಗೆ ಕೇಳುತ್ತದೆಂದು ವಾಲ್ಯೂಮ್ ಏರಿಸುತ್ತಾರೆ, ಆಮೇಲೆ ಹಿತ್ತಾಳೆ ವಾದ್ಯಗಳು ಒಟ್ಟಿಗೆ ಬಂದಾಗ ಕಿವಿ ಮುಚ್ಚಿಕೊಳ್ಳುತ್ತಾರೆ. ಹಾರಿಯ ಕೊನೆಯ ‘ಚಕ್ರವರ್ತಿಯ ಪ್ರವೇಶ’ಕ್ಕೆ ವಾಲ್ಯೂಮ್ ಹೊಂದಿಸಿ, ಅಲ್ಲಿಗೇ ಬಿಡಿ. ಫೋನಿನಲ್ಲಾದರೆ, ತುಣುಕುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ‘ವಾಲ್ಯೂಮ್ ನಾರ್ಮಲೈಸೇಷನ್’ ಆಫ್ ಮಾಡಿ.

ಎಲ್‌ಪಿಯಲ್ಲಿ ಇನ್ನೊಂದು ತೊಡಕು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರಅಂಚಿನ ಗೀರು ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ ಒಳಗಿನದು 21ರಷ್ಟೇ, ಅಷ್ಟೇ ದನಿ ಅಲ್ಲಿ ಇಕ್ಕಟ್ಟಿನಲ್ಲಿ ಕೂರಬೇಕು. ಅಬ್ಬರದ ‘ಪ್ರವೇಶ’ ಬದಿಯ ಕೊನೆಗೆ ಬಿದ್ದರೆ ಸವೆದ ಸೂಜಿ ಅದನ್ನು ಒಡಕು ತಮಟೆ ಮಾಡುತ್ತದೆ. ಕಿಜೆಗೆ ಆ ಪಾಡಿಲ್ಲ: ಅದೇ ಕಾರ್ನೆಟ್ ಮತ್ತೆ ದೂರದಿಂದ ಕೂಗಿ, ಮೆಲ್ಲಗೆ ಅಡಗುತ್ತದೆ.